ಜೂನ್ 1: ಒಂದೇ ದಿನ, ಊರಿಗೆಲ್ಲ ಹುಟ್ಟುಹಬ್ಬ



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಒಂದು ದಿನವನ್ನು ಆರಿಸಿಕೊಂಡು ಆ ದಿನ ಏನೇನು ನಡೆಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂದು ಬರೆಯುವುದು ನಿಮಗೆಲ್ಲ ಗೊತ್ತೇ ಇದೆ. ಸಾಮಾನ್ಯವಾಗಿ ಅಕ್ಟೋಬರ್ 2, ನವೆಂಬರ್ 1, ನವೆಂಬರ್ 14, ಜನವರಿ 26 ಇಂಥ ದಿನಗಳೇ ಬರುತ್ತವೆ. ಈ ಸಲ ನಾನು ಜೂನ್ 1 ಆರಿಸಿಕೊಂಡಿದ್ದೇನೆ. ಅದರಲ್ಲೇನು ವಿಶೇಷ ಅಂತೀರಾ? ನಿಮ್ಮ ಅಪ್ಪನ ಟಿ.ಸಿ. ತೆಗೆದು ನೋಡಿ. ಅಮ್ಮನದನ್ನೂ ನೋಡಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರದನ್ನೂ ನೋಡಿ. ಹತ್ತರಲ್ಲಿ ಕೆಲವರದಾದರೂ 'ಜನ್ಮ ದಿನಾಂಕ: 1-6' ಎಂದೇ ಇರುತ್ತದೆ.

ಹಳೆಯ ದಾಖಲಾತಿ ರಜಿಸ್ಟರುಗಳನ್ನು ಹೊಸ ಬೀರುವಿಗೆ ಸಾಗಿಸುವ ಕೆಲಸ ನಮ್ಮ ತರಗತಿಗೆ ಬಂದಿತ್ತು. ಮುಖ್ಯ ಗುರುಗಳ ಅಪ್ಪಣೆ ಪಡೆದು ನಾನು ಒಂದೆರಡು ಪುಟ ತಿರುವಿ ನೋಡಿದೆ. ಸಾಲು ಸಾಲಾಗಿ 1-6, 1-6, 1-6. ನಡುವೆ ಎಲ್ಲೋ ಒಂದು 15-8, ಒಂದು 10-4. ನಮ್ಮ ಊರಿನ ತಾಯಂದಿರೆಲ್ಲ ಕೂಡಿ ಮಾತಾಡಿಕೊಂಡು ಒಂದೇ ದಿನ ಹೆತ್ತರೇ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಪಾಠ. ಮೊದಲು ಆ ದಿನದ ಪರಿಚಯ ಮಾಡಿಕೊಳ್ಳೋಣ.

1. ಈ ದಿನ ಹುಟ್ಟಿದವರು

ಸಾದಿ ಕಾರ್ನೊ (1796): ಫ್ರಾನ್ಸಿನ ಪ್ಯಾರಿಸ್‌ನಲ್ಲಿ ಹುಟ್ಟಿದ ಎಂಜಿನಿಯರ್. ಉಗಿ ಎಂಜಿನ್ ಎಷ್ಟು ಶಾಖ ತಿಂದು ಎಷ್ಟು ಕೆಲಸ ಕೊಡಬಲ್ಲದು ಎಂಬ ಲೆಕ್ಕವನ್ನು 1824ರಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಬರೆದ. ಎಂಜಿನ್ನಿನ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರಬೇಕು. ಅವೆರಡರ ನಡುವಿನ ವ್ಯತ್ಯಾಸದಿಂದಲೇ ಕೆಲಸ ಹುಟ್ಟುತ್ತದೆ. ಎಷ್ಟೇ ಚೆನ್ನಾಗಿ ಮಾಡಿದ ಎಂಜಿನ್ ಆದರೂ ಕೊಟ್ಟ ಶಾಖವನ್ನೆಲ್ಲ ಕೆಲಸವಾಗಿ ಬದಲಿಸಲಾರದು ಎಂಬ ತಿಳಿವಳಿಕೆಗೆ ಅಡಿಪಾಯ ಹಾಕಿದವನು ಇವನೇ. ಬದುಕಿದ್ದಾಗ ಅವನ ಪುಸ್ತಕ ಓದಿದವರು ಬಹಳ ಕಡಿಮೆ. 1832ರಲ್ಲಿ ಕಾಲರಾ ಬಂದು 36ನೆಯ ವಯಸ್ಸಿಗೇ ತೀರಿಕೊಂಡ.

ಸತ್ಯೇಂದ್ರನಾಥ ಟ್ಯಾಗೋರ್ (1842): ಕವಿ ರವೀಂದ್ರನಾಥರ ಅಣ್ಣ. ಆಗ ಐ.ಸಿ.ಎಸ್. ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಹಡಗು ಹತ್ತಿ ಅಲ್ಲಿಗೆ ಹೋಗಿ 1863ರಲ್ಲಿ ಅದರಲ್ಲಿ ಆಯ್ಕೆಯಾದ ಮೊಟ್ಟಮೊದಲ ಭಾರತೀಯ ಇವರು. ಇವರಿಗೆ ಕೆಲಸ ಸಿಕ್ಕಿದ್ದು ಮುಂಬಯಿ ಪ್ರಾಂತ್ಯದಲ್ಲಿ. 1880ರ ದಶಕದಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಆಗ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಕಾರವಾರದಲ್ಲಿ ಉಳಿದಿದ್ದರು. ಅಲ್ಲಿನ ಕಡಲತೀರಕ್ಕೆ ಇವತ್ತಿಗೂ ರವೀಂದ್ರನಾಥ ಟ್ಯಾಗೋರರ ಹೆಸರು ಇರುವುದು ಇದೇ ನೆನಪಿಗೆ.

ಫ್ರಾಂಕ್ ವಿಟ್ಲ್ (1907): ಇಂಗ್ಲೆಂಡಿನ ಕೊವೆಂಟ್ರಿಯವ. ವಿಮಾನದ ಜೆಟ್ ಎಂಜಿನ್ನಿಗೆ 1930ರಲ್ಲೇ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ. ಅವನ ಎಂಜಿನ್ ಹೊತ್ತ ವಿಮಾನ ಹಾರಿದ್ದು 1941ರ ಮೇ 15ರಂದು. ಅಷ್ಟರೊಳಗೆ ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ಎಂಬಾತನ ಜೆಟ್ 1939ರಲ್ಲೇ ಹಾರಿಬಿಟ್ಟಿತ್ತು. ಗಮನಿಸಿ: ಶಾಖದ ಎಂಜಿನ್ನಿನ ಲೆಕ್ಕ ಹಾಕಿದ ಕಾರ್ನೊ ಮತ್ತು ಶಾಖದಿಂದಲೇ ವಿಮಾನ ಹಾರಿಸಿದ ವಿಟ್ಲ್, ಇಬ್ಬರೂ ಹುಟ್ಟಿದ್ದು ಜೂನ್ 1ರಂದೇ. ನಡುವೆ 111 ವರ್ಷ.

ನರ್ಗಿಸ್ (1929): ಹಿಂದಿ ಚಿತ್ರನಟಿ. 1957ರ 'ಮದರ್ ಇಂಡಿಯಾ' ಚಿತ್ರದಲ್ಲಿ ಸಾಲದ ಹೊರೆ ಹೊತ್ತು, ಮಕ್ಕಳನ್ನು ಸಾಕಲು ನೇಗಿಲಿಗೆ ಹೆಗಲು ಕೊಟ್ಟ ತಾಯಿಯ ಪಾತ್ರ ಮಾಡಿದರು. ನಮ್ಮ ಊರಿನ ಹಿರಿಯರಲ್ಲಿ ಈ ಚಿತ್ರ ನೋಡಿದವರು ಇದ್ದೇ ಇರುತ್ತಾರೆ, ಕೇಳಿ.

2. ಈ ದಿನ ನಡೆದದ್ದು

1831: ಉತ್ತರ ಕೆನಡಾದ ಹಿಮದ ನಾಡಿನಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ನಾವಿಕ ಭೂಮಿಯ ಉತ್ತರ ಕಾಂತಧ್ರುವವನ್ನು ಮುಟ್ಟಿದ. ಅವರ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತ್ತು. ಸುಮ್ಮನೆ ಕೂಡುವ ಬದಲು ಅವನು ನಡೆದು ಹೋಗಿ ಹುಡುಕಿದ. ಹೇಗೆ ಗೊತ್ತಾಯಿತು? ಮೇಲೆ ಕೆಳಗೆ ತಿರುಗುವಂತೆ ಕಟ್ಟಿದ ಕಾಂತದ ಸೂಜಿ ಅಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನೆಲಕ್ಕೆ ಮುಖ ಮಾಡಿತು. ಅಳತೆ 89 ಡಿಗ್ರಿ 59 ಮಿನಿಟು. 90 ಡಿಗ್ರಿಗೆ ಒಂದೇ ಮಿನಿಟು ಕಡಿಮೆ! ಇನ್ನೂ ಒಂದು ಸಂಗತಿ: ಆ ಧ್ರುವ ಈಗ ಅಲ್ಲಿಲ್ಲ. ಅದು ಸರಿಯುತ್ತಾ ಸರಿಯುತ್ತಾ ಸೈಬೀರಿಯಾದ ಕಡೆಗೆ ಹೋಗುತ್ತಿದೆ.

1930: ಮುಂಬಯಿ ಪುಣೆಗಳ ನಡುವೆ 'ಡೆಕ್ಕನ್ ಕ್ವೀನ್' ರೈಲು ಓಡಾಟ ಶುರುವಾಯಿತು.

1950: ಜೂನ್ 1ನ್ನು ಮಕ್ಕಳ ದಿನ ಎಂದು ಆಚರಿಸುವುದು ಹಲವು ದೇಶಗಳಲ್ಲಿ ಆರಂಭವಾಯಿತು. ಚೀನಾ, ರಷ್ಯಾ, ವಿಯೆಟ್ನಾಂ ದೇಶಗಳಲ್ಲಿ ಇದೇ ಮಕ್ಕಳ ಹಬ್ಬ. ನಮ್ಮಲ್ಲಿ ಮಾತ್ರ ನೆಹರೂ ಅವರ ಜನ್ಮದಿನವಾದ ನವೆಂಬರ್ 14.

2001: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೂನ್ 1ನ್ನು 'ವಿಶ್ವ ಹಾಲಿನ ದಿನ' ಎಂದು ಗೊತ್ತುಮಾಡಿತು.

ಪ್ರತಿ ವರ್ಷ: ಮುಂಗಾರು ಕೇರಳದ ತೀರ ಮುಟ್ಟುವ ವಾಡಿಕೆಯ ದಿನ ಎಂದು ಹವಾಮಾನ ಇಲಾಖೆ ಲೆಕ್ಕ ಹಿಡಿದಿರುವುದು ಜೂನ್ 1. ನಮ್ಮ ರೈತರ ಲೆಕ್ಕದಲ್ಲಿ ಅದು ರೋಹಿಣಿ ಮಳೆಯ ಕಾಲ. 'ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ' ಎಂಬ ಗಾದೆ ನಿಮಗೆ ಗೊತ್ತು.

3. ಈ ದಿನ ತೀರಿಕೊಂಡವರು

ಜಾನ್ ಡ್ಯೂಯಿ (1952): ಅಮೆರಿಕದ ಶಿಕ್ಷಣ ತಜ್ಞ. ಮಕ್ಕಳು ಬರೀ ಕೇಳಿ ಬಾಯಿಪಾಠ ಮಾಡಿದರೆ ಸಾಲದು, ಮಾಡಿ ಕಲಿಯಬೇಕು ಎಂದವರು. 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದು ಅಡುಗೆ, ನೇಯ್ಗೆ, ಬಡಗಿ ಕೆಲಸಗಳ ಮೂಲಕ ಗಣಿತ, ವಿಜ್ಞಾನ ಕಲಿಸಿ ತೋರಿಸಿದರು. ನಮ್ಮ ಗುರುಗಳು ಹೇಳುವ 'ಚಟುವಟಿಕೆ ಆಧಾರಿತ ಕಲಿಕೆ'ಯ ಒಂದು ಬೇರು ಇಲ್ಲಿದೆ. ಇವರಿಗೂ ನಮಗೂ ಇನ್ನೊಂದು ನಂಟು ಇದೆ. ಡಾ. ಅಂಬೇಡ್ಕರ್ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಡ್ಯೂಯಿ ಅವರ ಗುರುಗಳಾಗಿದ್ದರು. 1952ರ ಜೂನ್ 5ರಂದು ಕೊಲಂಬಿಯಾ ಅಂಬೇಡ್ಕರರಿಗೆ ಗೌರವ ಪದವಿ ಕೊಟ್ಟಿತು. ಹಳೆಯ ಗುರುಗಳನ್ನು ನೋಡಬೇಕೆಂಬ ಆಸೆ ಹೊತ್ತು ಹೊರಟಿದ್ದ ಅಂಬೇಡ್ಕರರು ದಾರಿಯಲ್ಲಿರುವಾಗಲೇ ಡ್ಯೂಯಿ ತೀರಿಕೊಂಡಿದ್ದರು. ನಾಲ್ಕೇ ದಿನ ಅಂತರ.

ಹೆಲೆನ್ ಕೆಲರ್ (1968): 19 ತಿಂಗಳ ಕೂಸಾಗಿದ್ದಾಗ ಬಂದ ಕಾಯಿಲೆಯಿಂದ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡವರು. 1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ಶಿಕ್ಷಕಿ ಅವರ ಮನೆಗೆ ಬಂದರು. ಒಂದು ಕೈಮೇಲೆ ಪಂಪಿನ ನೀರು ಹರಿಸುತ್ತಾ ಇನ್ನೊಂದು ಅಂಗೈಯಲ್ಲಿ 'ನೀರು' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಿಂದ ಬರೆದು, ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂದು ತಿಳಿಸಿಕೊಟ್ಟರು. 1904ರಲ್ಲಿ ಹೆಲೆನ್ ಪದವೀಧರೆಯಾದರು. 1955ರಲ್ಲಿ ಭಾರತಕ್ಕೂ ಬಂದಿದ್ದರು. ಇಲ್ಲಿ ನೆನಪಿಡಬೇಕಾದ ಮಾತು: ಅವರು ಹುಟ್ಟಿದ್ದು 1880ರ ಜೂನ್ 27. ಆದರೆ ಗುರು ಮನೆಗೆ ಬಂದ ಆ ಮಾರ್ಚ್ 3ನ್ನು ಅವರು ತಮ್ಮ ಆತ್ಮದ ಹುಟ್ಟುಹಬ್ಬ ಎಂದು ಕರೆಯುತ್ತಿದ್ದರು.

ನೀಲಂ ಸಂಜೀವ ರೆಡ್ಡಿ (1996): ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಇಲ್ಲೂರಿನವರು. 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. 1977ರಲ್ಲಿ ಎದುರಾಳಿಯೇ ಇಲ್ಲದೆ ರಾಷ್ಟ್ರಪತಿಯಾಗಿ ಆಯ್ಕೆಯಾದರು. ತೀರಿಕೊಂಡದ್ದು ಬೆಂಗಳೂರಿನಲ್ಲಿ.

4. ಇದರಲ್ಲಿ ಪವಾಡ ಏನೂ ಇಲ್ಲ

ಇಷ್ಟೆಲ್ಲ ಒಂದೇ ದಿನ ಹೇಗೆ ಕೂಡಿತು ಎಂದು ಬೆರಗಾಗಬೇಡಿ. ವರ್ಷಕ್ಕೆ ಇರುವುದು 365 ದಿನ, ಅಧಿಕ ವರ್ಷಕ್ಕೆ 366. ಚರಿತ್ರೆಯ ಘಟನೆಗಳೋ ಲಕ್ಷಗಟ್ಟಲೆ. ಯಾವ ದಿನ ಆರಿಸಿದರೂ ಹೀಗೇ ತುಂಬಿರುತ್ತದೆ.

ಗಣಿತದಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು! ನಂಬಿಕೆ ಬರುವುದಿಲ್ಲ ಅಲ್ಲವೇ? ಕಾರಣ ನೋಡಿ. 23 ಜನರಲ್ಲಿ ಇಬ್ಬಿಬ್ಬರ ಜೋಡಿ ಮಾಡಿದರೆ 23×22÷2, ಅಂದರೆ 253 ಜೋಡಿಗಳಾಗುತ್ತವೆ. ಅಷ್ಟು ಜೋಡಿಗಳಲ್ಲಿ ಒಂದಾದರೂ ಕೂಡಿಬರುವುದು ದೊಡ್ಡ ಮಾತಲ್ಲ.

ಆದರೆ ಗಮನವಿಟ್ಟು ಓದಿ. ಇದು 'ಯಾವುದಾದರೂ ಒಂದು ದಿನ, ಯಾರಾದರೂ ಇಬ್ಬರು' ಎಂಬ ಲೆಕ್ಕ. 'ಜೂನ್ 1ರಂದೇ' ಎಂದು ದಿನ ಗೊತ್ತುಮಾಡಿ ಕೇಳಿದರೆ ಲೆಕ್ಕ ಬೇರೆ. ಸರಾಸರಿ 365 ಮಕ್ಕಳಲ್ಲಿ ಒಬ್ಬರು ಮಾತ್ರ ಆ ದಿನ ಹುಟ್ಟಿರಬೇಕು. 30 ಮಕ್ಕಳ ತರಗತಿಯಲ್ಲಿ ಒಬ್ಬರೂ ಇಲ್ಲದಿರುವುದೇ ಹೆಚ್ಚು ಸಹಜ. ಹಾಗಿದ್ದ ಮೇಲೆ ಒಂದೇ ಪುಟದಲ್ಲಿ ಇಷ್ಟೊಂದು ಜನ ಹುಟ್ಟಿದ್ದು ಆಕಾಶದ ಲೆಕ್ಕವಲ್ಲ, ಪೆನ್ನಿನ ಲೆಕ್ಕ. ಹುಟ್ಟಿದ ದಿನದಿಂದಲೇ ಹಣೆಬರಹ ಎನ್ನುವವರಿಗೂ ಈ ರಜಿಸ್ಟರ್ ತೋರಿಸಬಹುದು. ಒಂದೇ ದಿನದ ಇಷ್ಟು ಜನರಲ್ಲಿ ಒಬ್ಬರು ಕಂಡಕ್ಟರ್, ಒಬ್ಬರು ಕುರಿ ಕಾಯುವವರು, ಒಬ್ಬರು ಸೈನ್ಯದಲ್ಲಿದ್ದಾರೆ.

5. ಪೆನ್ನು ಜೂನ್ 1ರ ಮೇಲೇ ಏಕೆ ನಿಂತಿತು?

ಆಗಿನ ಕಾಲದಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಬರೆದಿಡುವವರು ಇರಲಿಲ್ಲ. ಹೆತ್ತವರಿಗೆ ಇಂಗ್ಲಿಷ್ ತಾರೀಖು ಬೇಕಾಗಿರಲಿಲ್ಲ. ಆರು ವರ್ಷದ ಹೊತ್ತಿಗೆ ಮಗುವನ್ನು ಕೈಹಿಡಿದು ಶಾಲೆಗೆ ತರುತ್ತಿದ್ದರು. ಮಾಸ್ತರು 'ಯಾವಾಗ ಹುಟ್ಟಿದ?' ಎಂದರೆ 'ಗೊತ್ತಿಲ್ರೀ, ನೀವೇ ಬರಕೋರಿ' ಎಂಬ ಉತ್ತರ. ಮಗುವಿನ ಕೈಯನ್ನು ತಲೆ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸಿ ನೋಡುವುದೂ ಇತ್ತಂತೆ. ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ಆ ಹೊತ್ತಿಗೆ ವಯಸ್ಸು ಸರಿಯಾಗಿ ತುಂಬಿರಬೇಕು. ಆದ್ದರಿಂದ 1-6 ಎಂದು ಬರೆದರೆ ಲೆಕ್ಕ ಸಲೀಸು. ಮಾಸ್ತರರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ತಾರೀಖು ಇಲ್ಲ ಎಂದು ಹುಡುಗನನ್ನು ವಾಪಸು ಕಳಿಸಿದ್ದರೆ ಅವನು ಎಮ್ಮೆ ಹಿಂದೆ ಹೋಗುತ್ತಿದ್ದ. ಒಂದು ಸುಳ್ಳು ತಾರೀಖು ಬರೆದು ಅವನಿಗೆ ನಿಜವಾದ ಅಕ್ಷರ ಕಲಿಸಿದರು.

6. ಅಜ್ಜಿಯ ಕ್ಯಾಲೆಂಡರ್

ಹಾಗಾದರೆ ನಮ್ಮ ಹಿರಿಯರಿಗೆ ದಿನದ ನೆನಪೇ ಇರಲಿಲ್ಲವೇ? ಇತ್ತು. ಬೇರೆ ರೀತಿಯಲ್ಲಿತ್ತು. ನಮ್ಮಪ್ಪನ ಟಿ.ಸಿ.ಯಲ್ಲಿ ಇರುವುದು 1-6-1984. ನಾನು ಅಜ್ಜಿಯನ್ನು ಕೇಳಿದೆ. ಅಜ್ಜಿ ಹೇಳಿದ್ದು ಹೀಗೆ:

'ಜೂನ್ ಗೀನ್ ನನಗ ಗೊತ್ತಿಲ್ಲವಾ. ಹುಬ್ಬಿ ಮಳಿ ಆಗಷ್ಟ ಹಿಡದಿತ್ತು, ನಿಮ್ಮಪ್ಪ ಹುಟ್ಟಿದಾ. ಇಂದಿರಾಗಾಂಧಿ ಹ್ವಾದ ಸುದ್ದಿ ರೇಡಿಯೋದಾಗ ಬಂದಾಗ ಅವಗ ಎರಡು ತಿಂಗಳ ತುಂಬಿದ್ದವು. ಮಡಿಲಾಗ ಹಾಕ್ಕೊಂಡು ಕುಂತಿದ್ದೆ.'

ಈಗ ಲೆಕ್ಕ ಹಾಕೋಣ. ಇಂದಿರಾ ಗಾಂಧಿ ಹತ್ಯೆಯಾದದ್ದು 1984ರ ಅಕ್ಟೋಬರ್ 31. ಅದಕ್ಕೆ ಎರಡು ತಿಂಗಳು ಹಿಂದೆ ಹೋದರೆ ಆಗಸ್ಟ್ 31ರ ಆಸುಪಾಸು. ಹುಬ್ಬಿ ಮಳೆ, ಅಂದರೆ ಪುಬ್ಬಾ ನಕ್ಷತ್ರದ ಮಳೆ, ಪ್ರತಿ ವರ್ಷ ಹಿಡಿಯುವುದು ಆಗಸ್ಟ್ 30ರ ಹೊತ್ತಿಗೆ. ಎರಡು ಸಾಕ್ಷಿ ಒಂದೇ ಕಡೆ ಕೈ ತೋರಿಸುತ್ತಿವೆ! ಅಂದರೆ ನಮ್ಮಪ್ಪ ಹುಟ್ಟಿದ್ದು 1984ರ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ. ಕಾಗದಕ್ಕೂ ನಿಜಕ್ಕೂ ಮೂರು ತಿಂಗಳು ವ್ಯತ್ಯಾಸ. ಓದು ಬರಹ ಬಾರದ ಅಜ್ಜಿಯ ನೆನಪು ಸರ್ಕಾರಿ ಮುದ್ರೆ ಒತ್ತಿದ ಕಾಗದಕ್ಕಿಂತ ನಿಜದ ಹತ್ತಿರ ಇತ್ತು.

ಮಳೆ ನಕ್ಷತ್ರಗಳು ಸೂರ್ಯನ ಚಲನೆಯಂತೆ ನಡೆಯುವುದರಿಂದ ಇಂಗ್ಲಿಷ್ ತಾರೀಖಿಗೆ ಪ್ರತಿ ವರ್ಷ ಸುಮಾರಾಗಿ ಹೊಂದುತ್ತವೆ. ಆದರೆ ಹುಣ್ಣಿಮೆ, ಅಮಾವಾಸ್ಯೆ, ಚೌತಿಗಳು ಚಂದ್ರನ ಲೆಕ್ಕ. ಅವು ವರ್ಷ ವರ್ಷ ಹಿಂದೆ ಮುಂದೆ ಆಗುತ್ತವೆ. ಅವನ್ನು ಹುಡುಕಲು ಆ ವರ್ಷದ ಪಂಚಾಂಗವೇ ಬೇಕು. 'ಇತಿಹಾಸದಲ್ಲಿ ಈ ದಿನ' ಓದುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೇ ಉತ್ತರ. ಊರಿಗೆಲ್ಲ ಗೊತ್ತಿರುವ ಒಂದು ದೊಡ್ಡ ದಿನ ಗೂಟ ಇದ್ದ ಹಾಗೆ. ಅದಕ್ಕೆ ನಮ್ಮ ಮನೆಯ ಸಣ್ಣ ದಿನವನ್ನು ಕಟ್ಟಿಹಾಕಬಹುದು.

7. ಕೆಲವು ತಿಂಗಳು ಹೆಚ್ಚುಕಡಿಮೆ ಆದರೆ ಏನಾಯಿತು?

ಎಷ್ಟೋ ಆಗುತ್ತದೆ. ಮತ ಹಾಕುವ ಹಕ್ಕು 18ಕ್ಕೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕೆಲಸಕ್ಕೆ ಅರ್ಜಿ ಹಾಕಲು ವಯಸ್ಸು, ನಿವೃತ್ತಿಗೆ ವಯಸ್ಸು. ಸರ್ಕಾರಿ ನೌಕರರಲ್ಲಿ ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಜೂನ್ 1ರವರಿಗೆ ಮೇ 31ಕ್ಕೇ ಹಾರ ಶಾಲು. ನಿಜವಾಗಿ ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಆರೇಳು ತಿಂಗಳ ಸಂಬಳ ಹೋದಂತೆ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನಮ್ಮ ಸೋದರತ್ತೆ ಹುಟ್ಟಿದ್ದು ಸಂಕ್ರಾಂತಿ ಹೊತ್ತಿಗೆ. ಕಾಗದದಲ್ಲಿ ಬಿದ್ದದ್ದು ಅದರ ಹಿಂದಿನ ಜೂನ್ 1. ಏಳು ತಿಂಗಳು ಮೊದಲೇ ಹುಟ್ಟಿದ ಹಾಗಾಯಿತು. ಅತ್ತೆ ಪಿ.ಯು.ಸಿ. ಮೊದಲ ವರ್ಷ ಪಾಸಾದಾಗ ಗಂಡಿನವರು ಬಂದರು. 'ಟಿ.ಸಿ. ಪ್ರಕಾರ 18 ತುಂಬೇತಿ, ಇನ್ನೇನು' ಎಂದು ಕಾರಹುಣ್ಣಿಮೆ ಹೊತ್ತಿಗೆ ಮದುವೆ ಮುಗಿಸಿದರು. ಅಜ್ಜಿಯ ಲೆಕ್ಕದಲ್ಲಿ ಆಗ ಅತ್ತೆಗೆ 17 ವರ್ಷ 5 ತಿಂಗಳು. ಎರಡನೆಯ ವರ್ಷದ ಪುಸ್ತಕಗಳಿಗೆ ಹಾಕಿದ ಹಾಳೆಯ ರಟ್ಟು ಹಾಗೇ ಉಳಿಯಿತು. ಅತ್ತೆ ಈಗಲೂ ಅನ್ನುತ್ತಾರೆ: 'ಆ ಏಳು ತಿಂಗಳು ನನ್ನ ಕೈಯಾಗ ಇದ್ದಿದ್ರ, ಈಗ ಬ್ಯಾಡ ಅನ್ನಾಕ ನನಗೊಂದು ಮಾತು ಇರತಿತ್ತು.'

ಅದಕ್ಕೇ ಗೆಳತಿಯರೇ, ತಾರೀಖು ಎಂದರೆ ಕೇಕು, ಮೇಣದಬತ್ತಿ ಮಾತ್ರ ಅಲ್ಲ.

ಕಾನೂನು ಏನು ಹೇಳುತ್ತದೆ? 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಮಗು ಹುಟ್ಟಿದ 21 ದಿನದೊಳಗೆ ತಿಳಿಸಿ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರು ತಿಳಿಸುತ್ತಾರೆ. ಮನೆಯಲ್ಲಿ ಹುಟ್ಟಿದರೆ ಮನೆಯ ಹಿರಿಯರು ತಿಳಿಸಬೇಕು. ತಡವಾದರೂ ನೋಂದಣಿಗೆ ದಾರಿ ಇದೆ, ಆದರೆ ಓಡಾಟ ಹೆಚ್ಚು. 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಇನ್ನೂ ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರ. ಇನ್ನು ಮೇಲೆ 'ನೀವೇ ಬರಕೋರಿ' ನಡೆಯುವುದಿಲ್ಲ.

8. ಮಾಡಿ ನೋಡಿ

(ಅ) ಮನೆಯ ಹಿರಿಯರೊಬ್ಬರನ್ನು ಕೂಡಿಸಿಕೊಂಡು ಅವರು ಹುಟ್ಟಿದಾಗ ಯಾವ ಮಳೆ, ಯಾವ ಜಾತ್ರೆ, ಯಾವ ದೊಡ್ಡ ಸುದ್ದಿ ಎಂದು ಕೇಳಿ ಬರೆದುಕೊಳ್ಳಿ. ಎರಡು ಸಾಕ್ಷಿ ಹೊಂದಿದರೆ ಮಾತ್ರ ತಾರೀಖು ಬರೆಯಿರಿ. ಒಂದೇ ಸಿಕ್ಕರೆ ತಿಂಗಳು ಮಾತ್ರ ಬರೆದು ನಿಲ್ಲಿಸಿ.

(ಆ) ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 1 ಯಾವ ವಾರ ಬಂದಿದೆ ನೋಡಿ. ಆ ವರ್ಷ ಬೇರೆ ಯಾವ ತಿಂಗಳೂ ಅದೇ ವಾರದಿಂದ ಶುರುವಾಗುವುದಿಲ್ಲ. ಯಾವ ವರ್ಷ ತೆಗೆದರೂ ಹೀಗೇ. ಏಕೆ ಎಂದು ತಿಂಗಳುಗಳ ದಿನ ಎಣಿಸಿ ಕಂಡುಹಿಡಿಯಿರಿ.

(ಇ) ನಿಮ್ಮ ಓಣಿಯಲ್ಲಿ ಹೊಸ ಕೂಸು ಹುಟ್ಟಿದ್ದರೆ, 'ಹೆಸರು ಏನಿಟ್ಟಿರಿ' ಎಂದು ಕೇಳುವಾಗಲೇ 'ಬರೆಸಿದಿರೇನು' ಎಂದೂ ಕೇಳಿ. 21 ದಿನ ದಾಟಿಲ್ಲ ಅಂದರೆ ಈ ಬರಹದ ಏಳನೆಯ ಭಾಗವನ್ನು ಅವರಿಗೆ ಓದಿ ಹೇಳಿ.

ನೀವು ಕಂಡುಹಿಡಿದ ತಾರೀಖುಗಳನ್ನು ಅರ್ಧ ಹಾಳೆಯಲ್ಲಿ ಬರೆದು ನಮ್ಮ ತರಗತಿಯ ಪೆಟ್ಟಿಗೆಗೆ ಹಾಕಿ. ಮನೆಯವರ ಒಪ್ಪಿಗೆ ಇದ್ದರೆ ಮುಂದಿನ ತಿಂಗಳು ಇದೇ ಜಾಗದಲ್ಲಿ ಅಂಟಿಸುತ್ತೇವೆ. ನಮ್ಮಪ್ಪನದು ಮೊದಲ ಸಾಲಿನಲ್ಲಿ ಬರೆದಾಗಿದೆ.